ತಲೆ ಮೇಲಿನ ಬಾಗಿಲಿಗೆ ಗಮ್ ಮೆತ್ತಿದವರು

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಬಸ್ ಮಾಲೀಕರ ಜೊತೆ, ಎಫ್‌ಸಿ ಕೊಡುವವರ ಜೊತೆ, ಕೊನೆಗೆ ಓದುತ್ತಿರುವ ನಿಮ್ಮ ಜೊತೆಗೂ. ಆದರೆ ಸಾಲಿನಲ್ಲಿ ಮೊದಲು ನಿಂತು ಬೈಸಿಕೊಳ್ಳಬೇಕಾದವನು ನಾನೇ. ಹಾಗಾಗಿ ನನ್ನ ಕಥೆಯಿಂದಲೇ ಶುರು ಮಾಡ್ತೀನಿ.

ನನ್ನದು ಹೊಳಲ್ಕೆರೆ ಕಡೆಯ ಹಳ್ಳಿ. ಹೊಟ್ಟೆಪಾಡು ಬೆಂಗಳೂರಲ್ಲಿ. ತಿಂಗಳಿಗೆ ಎರಡು ಸಲವಾದರೂ ಶನಿವಾರ ಊರಿಗೆ ಹೋಗೋದು, ಭಾನುವಾರ ರಾತ್ರಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ ಬ್ಯಾಗಿಗೆ ತುರುಕಿಕೊಂಡು ಚಿತ್ರದುರ್ಗದ ಬೈಪಾಸಿನಲ್ಲಿ ನಿಂತು, ಉತ್ತರದಿಂದ ಬರುವ ಸ್ಲೀಪರ್ ಬಸ್ ಹತ್ತಿ ಬಿದ್ದುಕೊಳ್ಳೋದು. ಹೊಸದುರ್ಗ, ಹಿರಿಯೂರು ಕಡೆಯ ನನ್ನಂಥವರು ಎಷ್ಟೋ ಜನ ಇದೀರಿ. ಆ ಹೊತ್ತಿನಲ್ಲಿ ಬಸ್ ಹತ್ತಿದವನಿಗೆ ಇರೋದು ಒಂದೇ ಆಸೆ... ತುಮಕೂರು ದಾಟುವ ತನಕ ಯಾರೂ ಎಬ್ಬಿಸಬಾರದು.

2025ರ ಆಗಸ್ಟಿನಲ್ಲಿ ನನಗೆ ಸಿಗುತ್ತಿದ್ದದ್ದು ಒಂದೇ ಬಸ್ಸು, ಹೆಚ್ಚುಕಮ್ಮಿ ಒಂದೇ ಬರ್ತು. ಮೇಲಿನದು, ನಡುವಿನಲ್ಲಿ. ಮಲಗಿ ಮೇಲೆ ನೋಡಿದರೆ ಪಕ್ಕದಲ್ಲೇ, ಓಡಾಡುವ ಹಾದಿಯ ನೇರಕ್ಕೆ, ಚಾವಣಿಯಲ್ಲಿ ಒಂದು ಚೌಕದ ಫೈಬರ್ ಮುಚ್ಚಳ. ಗ್ಯಾರೇಜಿನವರ ಬಾಯಲ್ಲಿ ಅದು ಹ್ಯಾಚು. ಹಗಲಲ್ಲಿ ಅದರಿಂದ ಮಂಕು ಬೆಳಕು ಇಳಿಯುತ್ತೆ. ರಾತ್ರಿ ಇಳಿಯುತ್ತಿದ್ದದ್ದು ಸದ್ದು. ಐಮಂಗಲ ದಾಟಿ ಡ್ರೈವರು ಗಾಡಿ ಬಿಟ್ಟ ಅಂದರೆ ಟಪ್ ಟಪ್ ಟಟಪ್ ಅಂತ ಶುರು. ಯಾರೋ ಮೇಲೆ ಕೂತು ತಗಡಿನ ಡಬ್ಬ ಬಾರಿಸಿದ ಹಾಗೆ. ಮಳೆ ಬಂದರಂತೂ ಹೊದಿಕೆ ಮೇಲೆ ಒಂದೊಂದೇ ಹನಿ, ಸರಿಯಾಗಿ ಮೊಣಕಾಲಿಗೆ.

ಸುಮ್ಮನಿರ್ತೀನಾ? ಕ್ಲೀನರ್ ಹುಡುಗನನ್ನು ಕರೆದು, "ಏನಪ್ಪಾ, ದುಡ್ಡು ಕೊಟ್ಟು ಶಿವರಾತ್ರಿ ಜಾಗರಣೆ ಮಾಡ್ಬೇಕಾ ನಾವು?" ಅಂತ ದಬಾಯಿಸಿದೆ. ಪಕ್ಕದ ಬರ್ತಿನವರೂ ದನಿಗೂಡಿಸಿದರು. ಒಬ್ಬರು ಮೊಬೈಲು ತೆಗೆದು ಒಂದು ಸ್ಟಾರ್ ಒತ್ತಿಯೇಬಿಟ್ಟರು. "ಮಾಡಿಸ್ತೀವಣ್ಣ, ಓನರ್‌ಗೆ ಹೇಳ್ತೀನಿ" ಅಂದ ಪಾಪ.

ಎರಡು ವಾರ ಬಿಟ್ಟು ಹತ್ತಿದರೆ ಸದ್ದೇ ಇಲ್ಲ! ಹನಿಯೂ ಇಲ್ಲ. ಮುಚ್ಚಳದ ನಾಲ್ಕೂ ಅಂಚಿಗೆ ಬಿಳಿ ಸಿಲಿಕಾನ್ ಗಮ್ಮು ಬೆರಳಲ್ಲಿ ಮೆತ್ತಿತ್ತು. ಮೂಲೆಗಳಲ್ಲಿ ನಾಲ್ಕು ಸ್ಕ್ರೂ. ಹುಡುಗ, "ಹೆಂಗಣ್ಣ, ಈಗ ಅಲ್ಲಾಡಲ್ಲ" ಅಂದ. ಭೇಷ್ ಅಂದು ಐವತ್ತು ರೂಪಾಯಿ ಕೈಗಿಟ್ಟೆ. ನಾಲ್ಕು ತಿಂಗಳು ಅದರ ಕೆಳಗೆ ಸುಖವಾಗಿ ಗೊರಕೆ ಹೊಡೆದೆ.

2025ರ ಡಿಸೆಂಬರ್ 25ರ ನಸುಕಿನಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹತ್ತಿರ ಎದುರಿಂದ ಬಂದ ಲಾರಿ ಡಿವೈಡರ್ ಹಾರಿ, ಬೆಂಗಳೂರಿಂದ ಗೋಕರ್ಣಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸಿಗೆ ಗುದ್ದಿತು. ಬಸ್ಸು ಹೊತ್ತಿ ಉರಿಯಿತು. ಮಲಗಿದ್ದವರಲ್ಲಿ ಕೆಲವರು ಎದ್ದೇ ಬರಲಿಲ್ಲ. ಆ ಬಸ್ಸಿನ ಹ್ಯಾಚು ತೆರೆಯುತ್ತಿತ್ತೋ ಇಲ್ಲವೋ ಅನ್ನೋದು ನನ್ನ ವಾದವೇ ಅಲ್ಲ, ಅಲ್ಲಿ ಯಾರು ತಪ್ಪು ಅಂತ ತೀರ್ಪು ಕೊಡೋಕೂ ನಾನು ಕೂತಿಲ್ಲ. ನಾನು ಹೇಳುತ್ತಿರೋದು 28ನೇ ತಾರೀಖು ಭಾನುವಾರದ ನನ್ನ ವಿಷಯ. ಅದೇ ಬಸ್ಸು, ಅದೇ ಬರ್ತು. ಜವನಗೊಂಡನಹಳ್ಳಿ ದಾಟುವಾಗ ಇಡೀ ಬಸ್ಸಿನಲ್ಲಿ ಯಾರೂ ಮಲಗಿರಲಿಲ್ಲ, ಯಾರೂ ಮಾತಾಡಲಿಲ್ಲ. ಅಭ್ಯಾಸಬಲದಿಂದ ಮೇಲೆ ನೋಡಿದೆ. ಬಿಳಿ ಗಮ್ಮಿನ ಕೆಳಗಿನಿಂದ ಕೆಂಪು ಅಕ್ಷರದ ಒಂದು ಸ್ಟಿಕ್ಕರು ಅರ್ಧ ಇಣುಕುತ್ತಿತ್ತು. 'ಎಮರ್ಜೆನ್ಸಿ ಎಕ್ಸಿಟ್'.

ನಾಲ್ಕು ತಿಂಗಳು ಅದರ ಕೆಳಗೇ ಮಲಗಿದ್ದೆ ಮಾರಾಯ್ರೆ. ಓದಿರಲಿಲ್ಲ.

ಬಸ್ ಬಾಡಿ ಹೇಗಿರಬೇಕು ಅನ್ನೋದಕ್ಕೆ ನಮ್ಮ ದೇಶದಲ್ಲಿ ಎಐಎಸ್-052 ಅಂತ ಒಂದು ನಿಯಮಾವಳಿ ಇದೆ. ಸ್ಲೀಪರ್ ಬಸ್ಸುಗಳಿಗೇ ಅಂತ ಎಐಎಸ್-119 ಇದೆ. ಎರಡರ ಲೆಕ್ಕದಲ್ಲೂ ಚಾವಣಿಯ ಹ್ಯಾಚು ಬೆಳಕಿಗೆ, ಗಾಳಿಗೆ ಅಂತ ಬಿಟ್ಟ ಕಿಂಡಿ ಅಲ್ಲ. ಅದು ಬಾಗಿಲು. ಒಳಗಿನವರು ತಪ್ಪಿಸಿಕೊಳ್ಳೋಕೆ ಇರುವ ಬಾಗಿಲು. ಯಾಕೆ ಚಾವಣಿಯಲ್ಲಿ ಅಂತ ಕೇಳ್ತೀರಾ? ಬಸ್ಸು ಪಕ್ಕಕ್ಕೆ ಮಗುಚಿತು ಅಂದುಕೊಳ್ಳಿ. ಒಂದು ಬದಿಯ ಕಿಟಕಿಗಳೆಲ್ಲ ನೆಲಕ್ಕೆ. ಇನ್ನೊಂದು ಬದಿಯವು ತಲೆಯ ಮೇಲೆ, ಎರಡೂವರೆ ಮೀಟರ್ ಎತ್ತರದಲ್ಲಿ, ಯಾಕೆಂದರೆ ಬಸ್ಸಿನ ಅಗಲವೇ ಅಷ್ಟು. ಮುಂಬಾಗಿಲು ನೆಲದ ಕಡೆ ಬಿದ್ದರೆ ಅದೂ ಹೋಯಿತು. ಆಗ ಚಾವಣಿ ಅನ್ನೋದು ಎದುರಿಗೆ ನಿಂತ ಗೋಡೆ. ಅದರ ನಡುವೆ ಸೊಂಟದ ಎತ್ತರಕ್ಕೆ, ಹತ್ತು ವರ್ಷದ ಹುಡುಗ ಕೂಡ ದಾಟಬಹುದಾದ ಒಂದು ಕಿಟಕಿ. ಅದೇ ಹ್ಯಾಚು. ನೆಟ್ಟಗೆ ನಿಂತ ಬಸ್ಸಿಗೆ ಹೊಗೆ ತುಂಬಿದರೂ ಅಷ್ಟೆ. ಬಿಸಿ ಹೊಗೆ ಮೊದಲು ತುಂಬೋದು ಮೇಲಿನ ಬರ್ತಿನಲ್ಲಿ. ಅಲ್ಲಿ ಮಲಗಿದವನ ಕೈಗೆ ಹತ್ತಿರ ಇರೋದು ಬಾಗಿಲಲ್ಲ, ಈ ಮುಚ್ಚಳ.

ಇದೆಲ್ಲ ನಮಗೆ ಹೊಸ ಪಾಠವೇನಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿಂದ ಹೈದರಾಬಾದಿಗೆ ಹೊರಟ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಉರಿದು 45 ಜನ ಹೋದರು. ಎರಡೇ ವಾರಕ್ಕೆ, ನವೆಂಬರ್ 14ಕ್ಕೆ, ನಮ್ಮದೇ ಹೆದ್ದಾರಿಯಲ್ಲಿ ಹಾವೇರಿ ಹತ್ತಿರ ಮುಂಬಯಿ ಬಸ್ಸು ಉರಿದು ಏಳು ಜನ. 2020ರ ಆಗಸ್ಟ್ 12ಕ್ಕೆ ಹಿರಿಯೂರಿನ ಕೆ.ಆರ್. ಹಳ್ಳಿ ಹತ್ತಿರ ವಿಜಯಪುರದಿಂದ ಬರುತ್ತಿದ್ದ ಬಸ್ಸು, ಐದು ಜನ, ಅದರಲ್ಲಿ ಮಕ್ಕಳೂ ಇದ್ದರು. 2025ರ ಅಕ್ಟೋಬರ್ 24ಕ್ಕೆ ಕರ್ನೂಲು. ಪ್ರತಿ ಸಲ ಒಂದು ವಾರ ಗಲಾಟೆ, ನಾಲ್ಕು ಬಸ್ ಸೀಜು, ಟಿವಿಯಲ್ಲಿ ಚರ್ಚೆ. ಆಮೇಲೆ ನಾವು ಮತ್ತೆ ಸ್ಟಾರ್ ಕೊಡೋಕೆ ಕೂರುತ್ತೀವಿ. ಏಸಿ ಚೆನ್ನಾಗಿತ್ತಾ, ಹೊದಿಕೆ ವಾಸನೆ ಬರ್ತಿತ್ತಾ, ಹ್ಯಾಚು ಸದ್ದು ಮಾಡ್ತಾ...

ಅಲ್ಲ, ಹಾಗಾದರೆ ಸದ್ದು ಸಹಿಸಿಕೊಂಡು ನೆನೆದುಕೊಂಡು ಬರಬೇಕಾ ಅಂತ ನೀವು ಕೇಳಬಹುದು. ಖಂಡಿತ ಬೇಡ. ನನ್ನ ಸಿಟ್ಟು ಇರೋದೇ ಅಲ್ಲಿ. ಸರಿಯಾದ ರಿಪೇರಿ ಇದೆ, ಅದೇನು ಆನೆ ಖರ್ಚಲ್ಲ. ಆ ರಿಪೇರಿ ನೋಡಿದ ಮೇಲೆ ನನ್ನ ಸಿಟ್ಟು ಇನ್ನೂ ಏರಿತು.

ಜನವರಿಯಲ್ಲಿ ಊರಿಗೆ ಹೋದಾಗ ದುರ್ಗದ ಹೆದ್ದಾರಿ ಬದಿಯ ಒಂದು ಟಿಂಕರಿಂಗ್ ಶೆಡ್ಡಿಗೆ ಹೋಗಿದ್ದೆ. ಸ್ನೇಹಿತನ ಟೆಂಪೋ ಕೆಲಸ ಇತ್ತು, ಜೊತೆಗೆ ಹೋದವನು ನಾನು. ಅಲ್ಲಿ ಒಂದು ಬಸ್ಸಿನ ಮೇಲೆ ಹತ್ತಿ ಕೂತಿದ್ದ ವಯಸ್ಸಾದ ಮೇಸ್ತ್ರಿಯನ್ನು ಮಾತಿಗೆಳೆದೆ. "ಯಜಮಾನ್ರೇ, ಈ ಹ್ಯಾಚು ಯಾಕೆ ಬಡ್ಕೊಳ್ಳುತ್ತೆ?" ಅಂದೆ. ಆಸಾಮಿ ಬೀಡಿ ಆರಿಸಿ ಕೆಳಗಿಳಿದು ಬಂದು ಒಂದು ಗಂಟೆ ಪಾಠ ಮಾಡಿದರು. ನನ್ನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷದಲ್ಲಿ ಅಷ್ಟು ಶ್ರದ್ಧೆಯಿಂದ ಯಾರೂ ಹೇಳಿಕೊಟ್ಟಿರಲಿಲ್ಲ :-)

ಅವರು ಹೇಳಿದ್ದರ ಸಾರ ಇಷ್ಟು. ಸದ್ದು ಬೇರೆ ಕಾಯಿಲೆ, ಸೋರೋದು ಬೇರೆ ಕಾಯಿಲೆ. ಎರಡಕ್ಕೂ ಒಂದೇ ಮುಲಾಮು ಹಚ್ಚೋನು ದಡ್ಡ. ಸದ್ದು ಬರೋದು ಮುಚ್ಚಳದಿಂದ. ಗಾಡಿ ಜೋರಾಗಿ ಹೋಗುವಾಗ ಚಾವಣಿ ಮೇಲೆ ಹರಿಯುವ ಗಾಳಿ ಮುಚ್ಚಳವನ್ನು ಮೇಲಕ್ಕೆ ಹೀರುತ್ತೆ. ಹೊಸದರಲ್ಲಿ ಕೆಳಗಿನ ರಬ್ಬರು ಮೆತ್ತಗೆ ಉಬ್ಬಿಕೊಂಡು ಆ ಸಂದು ತುಂಬುತ್ತೆ. ನಮ್ಮ ಕಡೆಯ ಬಿಸಿಲಿಗೆ ಎರಡು ಮೂರು ಬೇಸಿಗೆಯಲ್ಲಿ ಆ ರಬ್ಬರು ಒಣಗಿ, ಚಪ್ಪಟೆಯಾಗಿ, ಕೊಬ್ಬರಿ ಚಿಪ್ಪಿನ ಹಾಗೆ ಗಟ್ಟಿಯಾಗುತ್ತೆ. ಹಿಂಜಿನ ಪಿನ್ನು ಸವೆದು ಸಡಿಲ, ಹಿಡಿಯ ಕೊಕ್ಕೆಯಲ್ಲೂ ಸಡಿಲ. ಈಗ ಗಾಳಿ ಎತ್ತುತ್ತೆ, ಮುಚ್ಚಳದ ತೂಕ ಬೀಳಿಸುತ್ತೆ, ಎತ್ತುತ್ತೆ, ಬೀಳಿಸುತ್ತೆ. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಇಲ್ಲಿನ ಗಾಳಿ ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ.

ಸೋರೋದು ಬಹಳ ಸಲ ಮುಚ್ಚಳದಿಂದ ಅಲ್ಲವೇ ಅಲ್ಲ. ಮುಚ್ಚಳ ಕೂರುವ ಚೌಕಟ್ಟು ಚಾವಣಿಯ ತಗಡಿಗೆ ಸೇರುವ ಜಾಗದಿಂದ. ಗಾಡಿ ಕುಲುಕಿ ಕುಲುಕಿ ಅಲ್ಲಿನ ರಿವಿಟ್ ಸಡಿಲಾಗಿರುತ್ತೆ, ಒಳಗಿನ ಹಳೇ ಅಂಟು ಪುಡಿಯಾಗಿರುತ್ತೆ. ನೀರು ಅಲ್ಲಿ ಒಳಗಿಳಿದು, ಪ್ಲೈವುಡ್ ಮೇಲೆ ಹರಿದು, ಹ್ಯಾಚಿನ ಅಂಚಿಗೆ ಬಂದು ತೊಟ್ಟಿಕ್ಕುತ್ತೆ. ಕೆಳಗೆ ಮಲಗಿದವನಿಗೆ ಹ್ಯಾಚೇ ಸೋರಿದ ಹಾಗೆ ಕಾಣುತ್ತೆ. ಮುಚ್ಚಳಕ್ಕೆ ಎಷ್ಟು ಗಮ್ ಸುರಿದರೂ ಬರೋ ಮಳೆಗಾಲಕ್ಕೆ ಮತ್ತೆ ಮೊಣಕಾಲಿಗೆ ಹನಿ.

ಇನ್ನೊಂದು ಮಾತು ಹೇಳಿದರು, ಅದು ನನಗೆ ಬಹಳ ಹಿಡಿಸಿತು. ಅಂಗಡಿಯಲ್ಲಿ ಸಿಗುವ ಅಗ್ಗದ ಸಿಲಿಕಾನ್ ಹಚ್ಚುವಾಗ ವಿನೆಗರ್ ವಾಸನೆ ಬರುತ್ತಲ್ಲ, ಅದು ಒಣಗುವಾಗ ಹೊರಬರೋ ಆಮ್ಲ. ಸತುವಿನ ಲೇಪದ ತಗಡಿಗೆ ಅದು ಆಗಿಬರಲ್ಲ, ತುಕ್ಕಿಗೆ ದಾರಿ ಮಾಡುತ್ತೆ. ಸಾಲದ್ದಕ್ಕೆ ಹಳೇ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಅಂಟೋದೂ ಇಲ್ಲ. ಅಂದರೆ ಬಾಗಿಲು ಮುಚ್ಚಿ ಹಾಕಿದ ಆ ಮಹಾ ರಿಪೇರಿ, ರಿಪೇರಿ ಲೆಕ್ಕದಲ್ಲೂ ದಂಡ!

"ಮತ್ತೆ ಸರಿಯಾಗಿ ಮಾಡೋದು ಹೆಂಗೆ?" ಅಂದೆ. "ಚೌಕಟ್ಟು ಬಿಚ್ಚಿ, ಹಳೇದೆಲ್ಲ ಕೆರೆದು, ಕೆಳಗೆ ಬ್ಯುಟೈಲ್ ಟೇಪ್ ಹಾಕಿ ಹೊಸ ರಿವಿಟ್ ಹೊಡೀಬೇಕು. ಮುಚ್ಚಳಕ್ಕೆ ಹೊಸ ರಬ್ಬರ್ ಬೀಡಿಂಗು. ಹಿಂಜಿಗೆ ಪಿನ್ನು, ಬುಶ್ಶು. ಕೊಕ್ಕೆ ಬಿಗಿ ಮಾಡ್ಬೇಕು. ಅರ್ಧ ದಿನದ ಕೆಲ್ಸ ಐತೆ" ಅಂದರು. "ಯಾರಾದ್ರೂ ಮಾಡಿಸ್ತಾರಾ?" ಅಂದೆ. ನಕ್ಕರು. "ಗಾಡಿ ಬೆಳಗ್ಗೆ ಬರ್ತೈತೆ, ಸಂಜೆ ಹೋಗ್ಬೇಕು. ಬಂದೋರೆಲ್ಲ ಗಮ್ ಹೊಡೀರಿ ಅಂತಾರೆ, ಹೊಡೀತೀವಿ. ನೀವು ಸದ್ದು ಬರಬಾರ್ದು ಅಂತೀರಿ, ತೆಗೀಬೇಕು ಅಂತ ಯಾರು ಕೇಳವ್ರೆ?"

ಆ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಹುಡುಕಿ ನೋಡಿದೆ. ಅಮೆರಿಕ, ಯುರೋಪಿನಲ್ಲಿ ಮನೆಯನ್ನೇ ಗಾಡಿ ಮಾಡಿಕೊಂಡು ತಿರುಗುವ ಮೋಟರ್‌ಹೋಮ್‌ನವರಿಗೂ ಇದೇ ಗೋಳು. ಅವರ ಚಾವಣಿಯ ಬೆಳಕಿಂಡಿಯೂ ಗಾಳಿಗೆ ಬಡಿದುಕೊಳ್ಳುತ್ತೆ, ಬಿಸಿಲಿಗೆ ಸೀಳುತ್ತೆ, ಸೋರುತ್ತೆ. ಅವರು ಮಾಡೋದೂ ನಮ್ಮ ಮೇಸ್ತ್ರಿ ಹೇಳಿದ್ದನ್ನೇ. ಅಂಟೆಲ್ಲ ಚೌಕಟ್ಟಿಗೆ, ಮುಚ್ಚಳಕ್ಕೆ ಬರೀ ರಬ್ಬರು.

ಈಗ ಮಾಲೀಕರ ವಾದಕ್ಕೆ ಬರೋಣ. ಮುಖ್ಯವಾದದ್ದು ಏಸಿ. ಹ್ಯಾಚಿನಿಂದ ತಂಪು ಹೋಗುತ್ತೆ, ಡೀಸೆಲ್ ಖರ್ಚು ಅಂತಾರೆ. ಒಳ್ಳೇ ರಬ್ಬರ್ ಇರುವ ಮುಚ್ಚಳದಿಂದ ಎಷ್ಟು ತಂಪು ಹೋದೀತು ಸ್ವಾಮಿ? ಹೋಗೋದು ನಿಮ್ಮ ಹಳೇ ರಬ್ಬರಿನಿಂದ. ಇನ್ನೊಂದು ವಾದ, ಪ್ರಯಾಣಿಕರು ಸುಮ್ಮನಿರಲಾರದೆ ತೆಗೆದು ಆಟ ಆಡ್ತಾರೆ ಅಂತ. ಮುಂಬಾಗಿಲನ್ನೂ ಯಾರಾದರೂ ತೆಗೆಯಬಹುದು, ಅದಕ್ಕೂ ಗಮ್ ಹೊಡೀತೀರಾ? ಬೆಂಕಿ ಬಿದ್ದಾಗ ಹ್ಯಾಚು ತೆರೆದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತೆ ಅಂತ ವಿಜ್ಞಾನ ಹೇಳುವವರೂ ಸಿಕ್ಕಿದರು. ಇರಬಹುದು. ಒಡೆದ ಕಿಟಕಿಗೂ ಅದೇ ವಿಜ್ಞಾನ ಅಲ್ಲವೇ? ಒಳಗಿರುವವನಿಗೆ ಆ ಹೊತ್ತಿನಲ್ಲಿ ಬೇಕಾದ್ದು ಹೊರಗಿನ ನೆಲ. ಬೆಂಕಿಯಲ್ಲಿ ಸಿಗೋದೇ ಒಂದೆರಡು ನಿಮಿಷ, ಹ್ಯಾಚು ಏನು ಉದ್ಧಾರ ಮಾಡುತ್ತೆ ಅನ್ನೋ ಮಾತಿಗೆ ಮಾತ್ರ ನನಗೆ ನಿಜಕ್ಕೂ ರೇಗುತ್ತೆ. ಸಿಗೋದೇ ಒಂದೆರಡು ನಿಮಿಷ ಅಂದ ಮೇಲೆ ಒಂದು ಬಾಗಿಲು ಕಡಿಮೆ ಮಾಡುವ ಹಕ್ಕು ಯಾರಿಗಿದೆ?

ಗಮ್ಮು ಒಂದೇ ಅಲ್ಲ. ಬಸ್ಸಿನ ಟಾಪ್ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಪಾರ್ಸೆಲ್ ಮೂಟೆ, ಅದರ ಮೇಲೆ ತಾಡಪಾಲು, ಅದಕ್ಕೆ ಹಗ್ಗ. ಅದೆಲ್ಲ ಎಲ್ಲಿ ಕೂತಿರುತ್ತೆ ಅಂದುಕೊಂಡಿರಿ? ಹ್ಯಾಚಿನ ಮೇಲೆ. ಕೆಳಗಿಂದ ಹತ್ತು ಜನ ನೂಕಿದರೂ ಮುಚ್ಚಳ ಒಂದಿಂಚು ಏಳಲ್ಲ. ನಾಲ್ಕು ಮೂಟೆ ಬಾಡಿಗೆಗೆ ಮೂವತ್ತು ಜನರ ಬಾಗಿಲಿಗೆ ಬಂಡೆ ಎಳೆಯೋದು. ಕೆಲವು ಗಾಡಿಗಳಲ್ಲಿ ಒಳಗಡೆ ಬಣ್ಣದ ದೀಪ ಕೂರಿಸೋಕೆ ಅಂತ ಹ್ಯಾಚನ್ನೇ ಪ್ಲೈವುಡ್ಡಿನಿಂದ ಮುಚ್ಚಿರೋದನ್ನೂ ನೋಡಿದೀನಿ. ಚೆಂದ ಕಾಣುತ್ತೆ, ಹೌದು. ನೀಲಿ ದೀಪ.

ಇಂಥ ಗಾಡಿಗಳಿಗೂ ಎಫ್‌ಸಿ ಸಿಗುತ್ತೆ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು. ನನ್ನ ನಾಲ್ಕು ತಿಂಗಳ ಮಂಚಕ್ಕೂ ಎಫ್‌ಸಿ ಚಾಲ್ತಿಯಲ್ಲೇ ಇತ್ತು. ತಪಾಸಣೆಯವರು ಹ್ಯಾಚು ಇದೆಯಾ ಅಂತ ನೋಡಿರಬಹುದು. ಇದೆ. ಕೈಯಿಟ್ಟು ನೂಕಿದರಾ? ಹತ್ತು ಸೆಕೆಂಡಿನ ಕೆಲಸ. ನೂಕಿದರೆ ತೆರೀಬೇಕು, ತೆರೀದಿದ್ದರೆ ಗಾಡಿ ವಾಪಸ್. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಸಮಿತಿ ಬೇಡ. ಒಂದು ಕೈ ಸಾಕು.

ನಮ್ಮ ಹಳೇ ಮನೆ ನೆನಪಾಗುತ್ತೆ. ಮಾಳಿಗೆ ಮನೆ. ತೊಲೆ, ಜಂತೆ, ಮೇಲೆ ಕರಲು ಮಣ್ಣು. ಅಡಿಗೆಮನೆ ಮೇಲೆ ಒಂದು ಗವಾಕ್ಷಿ. ಬಯಲುಸೀಮೆಯವರಿಗೆ ಗೊತ್ತಿರುತ್ತೆ, ಇಡೀ ಕೋಣೆಗೆ ಅದೊಂದೇ ಬೆಳಕು, ಅದೊಂದೇ ಹೊಗೆಯ ದಾರಿ. ಮಳೆ ಬಂದರೆ ಅದರಿಂದಲೂ ಸೋರೋದು. ಗಾಳಿಗೆ ಮೇಲೆ ಮುಚ್ಚಿದ ತಗಡು ಅದೂ ಬಡಕೊಳ್ಳೋದು, ರಾತ್ರಿಯೆಲ್ಲ. ಅಜ್ಜಿ ಬಯ್ಯೋಳು, "ಲೇ, ಹತ್ತಿ ಆ ತಗಡಿನ ಮ್ಯಾಲೆ ಒಂದು ಕಲ್ಲಿಡ್ರೋ" ಅಂತ. ನಾನು ಹತ್ತಿ ಇಡ್ತಿದ್ದೆ. ಬೆಳಗ್ಗೆ ಒಲೆ ಹಚ್ಚೋಕೆ ಮುಂಚೆ ಮತ್ತೆ ಹತ್ತಿ ಕಲ್ಲು, ತಗಡು ಎರಡೂ ತೆಗೀಬೇಕಿತ್ತು, ಇಲ್ಲದಿದ್ದರೆ ಹೊಗೆ ತುಂಬಿ ಅಡಿಗೆಮನೆಯಲ್ಲಿ ನಿಲ್ಲೋಕಾಗ್ತಿರಲಿಲ್ಲ. ಅಷ್ಟು ವರ್ಷ ಕಾಟ ಕೊಟ್ಟರೂ ಗವಾಕ್ಷಿಗೆ ಗಾರೆ ಮೆತ್ತಿಬಿಡೋಣ ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ನಾನು ಬಿಇ.

ಅದಿರಲಿ. ಗಮ್ ಮೆತ್ತಿದ ಆ ಬಸ್ಸಿನವರಿಗೆ ಮೊನ್ನೆ ಫೋನ್ ಮಾಡಿದ್ದೆ. ಹ್ಯಾಚು ಬಿಚ್ಚಿ ಸರಿ ಮಾಡಿಸಿ ಅಂದೆ. ಆ ಕಡೆಯವರಿಗೆ ಅರ್ಥವೇ ಆಗಲಿಲ್ಲ. "ಸಾರ್, ಸೌಂಡ್ ಬರ್ತಾ ಇದೆಯಾ ಮತ್ತೆ?" ಅಂದರು. ಇಲ್ಲ, ಸೌಂಡ್ ಬರ್ತಿಲ್ಲ, ಅದೇ ತೊಂದರೆ ಅಂದೆ. "ಸೋರ್ತಾ ಇದೆಯಾ?" ಇಲ್ಲ. "ಮತ್ತೇನು ಸಾರ್ ಕಂಪ್ಲೇಂಟು?" ತೆರೆಯಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾಕೆ ಸಾರ್ ತೆಗೀಬೇಕು?" ಅಂತ ಕೇಳಿದರು. ವ್ಯಂಗ್ಯ ಇರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಿದೆ. ಓನರ್‌ಗೆ ತಿಳಿಸ್ತೀವಿ ಅಂದರು.

ಈ ಭಾನುವಾರ ಮತ್ತೆ ಅದೇ ಬಸ್ಸಿಗೆ ಟಿಕೆಟ್ ಮಾಡಿದೀನಿ, ಬೇಕಂತಲೇ ಅದೇ ಬರ್ತು. ಹತ್ತಿದ ಕೂಡಲೇ ಮೊದಲು ಹ್ಯಾಚು ನೂಕಿ ನೋಡ್ತೀನಿ. ತೆರೆಯದಿದ್ದರೆ ಇಳಿದು ಕೆಂಪು ಬಸ್ ಹಿಡೀತೀನಿ, ಕೂತುಕೊಂಡೇ ಬಂದರಾಯಿತು. ನೀವೂ ಈ ವಾರ ಎಲ್ಲಿಗೆ ಹೊರಟಿದ್ದರೂ, ಶಿವಮೊಗ್ಗವೋ ಕಲಬುರಗಿಯೋ ಮಂಗಳೂರೋ, ಹತ್ತಿದ ಮೇಲೆ ಕ್ಲೀನರನ್ನು ಕರೆದು, ಬಸ್ಸು ಹೊರಡುವ ಮುಂಚೆ, ಎಲ್ಲರೆದುರಿಗೆ, "ತಮ್ಮಾ, ಆ ಮೇಲಿಂದು ಸ್ವಲ್ಪ ತೆಗೆದು ತೋರಿಸು" ಅಂತ ಕೇಳಿ. ಏನಾಯಿತು ಅಂತ ಕೆಳಗೆ ಬರೀರಿ. ಬಸ್ಸಿನ ಹೆಸರು ಬೇಡ. ತೆರೆಯಿತಾ, ಇಲ್ಲವಾ, ಅಷ್ಟು ಸಾಕು.